ನನ್ನ ಭಾವನ ಕ್ರಿಸ್‌ಮಸ್ ಮರಗಳು

ನನ್ನ ಭಾವ ಡೆಲ್ಮರ್ ಪೋಸಿ ಊಟಕ್ಕೆ ಮುಂಚೆ ದೇವರನ್ನು ನೆನೆಯುವಾಗಲೂ ಒಂದು ಕಣ್ಣನ್ನು ತೆರೆದೇ ಇಟ್ಟಿರುತ್ತಾನೆ. ಹುರಿದ ಕೋಳಿಯ ತೊಡೆ ಯಾರ ತಟ್ಟೆಯ ಕಡೆ ಸರಿಯುತ್ತಿದೆ ಎಂದು ನೋಡಿಕೊಳ್ಳಲು. ಇದು ನನಗೆ ಹೇಗೆ ಗೊತ್ತು ಎಂದರೆ, ನನ್ನದೂ ಒಂದು ಕಣ್ಣು ತೆರೆದಿರುತ್ತದೆ.

ಡೆಲ್ಮರ್‌ನದು ಹುಟ್ಟುಗುಣವಲ್ಲ, ಕಸುಬಿನಿಂದ ಅಂಟಿದ್ದು ಎಂದು ಅವನ ಹೆಂಡತಿ, ನನ್ನ ಅಕ್ಕ ವೀಡಾ ಹೇಳುತ್ತಾಳೆ. ಕೋಕರ್ಸ್ ಬೆಂಡ್‌ನ ಶಾಲಾ ಬಸ್ಸನ್ನು ಡೆಲ್ಮರ್ ನಿವೃತ್ತನಾಗುವವರೆಗೂ ಓಡಿಸಿದ. ಮುಂದಿನ ರಸ್ತೆ ನೋಡಿದ್ದಕ್ಕಿಂತ ತಲೆಯ ಮೇಲಿನ ಕನ್ನಡಿಯಲ್ಲಿ ಹಿಂದೆ ನೋಡಿದ್ದೇ ಹೆಚ್ಚು. "ಗಲಾಟೆ ಮಾಡೋ ಹುಡುಗ್ರ ಮೇಲೆ ನಂಗೆ ಯಾವತ್ತೂ ಅನುಮಾನ ಇಲ್ಲ," ಎನ್ನುತ್ತಿದ್ದ. "ಕಿಟಕಿಯಿಂದಾಚೆ ಮೋಡ ನೋಡ್ತಾ ಕೂತಿರ್ತಾನಲ್ಲ, ಅವನ ಜೇಬಲ್ಲೇ ಕಪ್ಪೆ ಇರೋದು." ಹುಡುಕಿದರೆ ಕಪ್ಪೆ ಇದ್ದೇ ಇರುತ್ತಿತ್ತು. ಅದೇ ಅವನನ್ನು ಕೆಡಿಸಿದ್ದು. ನಾಲ್ಕಾರು ಸಲ ತಪ್ಪಿದ್ದರೆ ಮನುಷ್ಯ ಸರಿಹೋಗುತ್ತಿದ್ದನೇನೋ.

ನಿವೃತ್ತಿಯಾದ ಮೇಲೆ ಕನ್ನಡಿ ಹೋಯಿತು, ನೋಟ ಉಳಿಯಿತು. ಅದು ನೇರವಾಗಿ ಬಾಸ್ ಮೀನು ಹಿಡಿಯುವ ಪಂದ್ಯಗಳ ಮೇಲೆ ಬಿತ್ತು. ವಸಂತ ಬಂತೆಂದರೆ ದೇಶದ ದೊಡ್ಡ ದೊಡ್ಡ ಪ್ರೊಗಳು, ಗಾಳ ಹಾಕುವುದನ್ನೇ ಕಸುಬು ಮಾಡಿಕೊಂಡವರು, ನಮ್ಮ ಜಲಾಶಯಕ್ಕೆ ಬರುತ್ತಾರೆ. ಮೈತುಂಬ ಕಂಪನಿಗಳ ಹೆಸರು ಹೊಲಿಸಿಕೊಂಡ ಅಂಗಿ, ನನ್ನ ಟೈರ್ ಅಂಗಡಿಗಿಂತ ಬೆಲೆಬಾಳುವ ದೋಣಿ. ಊರೆಲ್ಲ ಅವರ ಗಾಳ ನೋಡಿದರೆ ಡೆಲ್ಮರ್ ಅವರ ಕೈ ನೋಡುತ್ತಾನೆ. ನಿಯಮದ ಪುಸ್ತಕ ಅವನಿಗೆ ಬಾಯಿಪಾಠ. ದಿನಕ್ಕೆ ಐದೇ ಮೀನು ತೂಗಬೇಕು. ಮೀನು ಜೀವಂತ ಇರಬೇಕು, ಸತ್ತಿದ್ದರೆ ತೂಕದಲ್ಲಿ ಕಡಿತ. ಹೊತ್ತು ಮೀರಿ ಬಂದರೂ ಕಡಿತ. ಈ ಒಂದೊಂದು ನಿಯಮವೂ ಡೆಲ್ಮರ್‌ಗೆ ಯಾವನೋ ಒಬ್ಬ ಮೋಸಗಾರನ ಸ್ಮಾರಕವಿದ್ದಂತೆ.

"ಸುಮ್‌ಸುಮ್ನೆ ಯಾರಾದ್ರೂ ನಿಯಮ ಬರೀತಾರಾ ಹಾಯ್ಟ್? ಯಾವನೋ ಮಾಡಿರ್ತಾನೆ. ಅದಕ್ಕೇ ಬರೆದಿರ್ತಾರೆ," ಎಂದು ನನಗೆ ಹೇಳುತ್ತಾನೆ.

ಗೆದ್ದವನನ್ನು ಕೂರಿಸಿ, ಕೈಗೆ ತಂತಿ ಸುತ್ತಿ, ಸುಳ್ಳು ಪತ್ತೆ ಮಾಡುವ ಯಂತ್ರಕ್ಕೆ ಜೋಡಿಸಿ ಪ್ರಶ್ನೆ ಕೇಳುತ್ತಾರಲ್ಲ, ಆ ಪದ್ಧತಿ ಅವನಿಗೆ ಪ್ರಾಣ. ಅಂಥದ್ದೊಂದನ್ನು ಚರ್ಚಿನ ಬಾಗಿಲಲ್ಲೂ ಹಳೇ ಕಾರು ಮಾರುವವರ ಅಂಗಡಿಯಲ್ಲೂ ಇಡಬೇಕೆಂದು ಅವನ ವಾದ. ಆದರೆ ಅವನ ಲೆಕ್ಕದಲ್ಲಿ ನಿಯಮಗಳಿಗೆಲ್ಲ ದೊಡ್ಡ ನಿಯಮ ಸುದ್ದಿಯದು. ಪಂದ್ಯಕ್ಕೆ ಕೆಲವು ವಾರ ಇರುವಾಗಿನಿಂದಲೇ ಮೀನು ಎಲ್ಲಿದೆ ಎಂದು ಪ್ರೊಗಳು ಊರಿನವರನ್ನು ಕೇಳುವ ಹಾಗಿಲ್ಲ, ಊರಿನವರು ಹೇಳುವ ಹಾಗಿಲ್ಲ. ಆ ವಾರಗಳಲ್ಲಿ ಪರವೂರಿನವರು ಗಂಟೆ ಎಷ್ಟು ಎಂದು ಕೇಳಿದರೂ ಡೆಲ್ಮರ್ ಹೇಳುವುದಿಲ್ಲ.

ಬಚ್ಚಿಡಲು ಅವನ ಹತ್ತಿರ ಒಂದು ಸುದ್ದಿಯೂ ಇತ್ತು. ಮದುವೆಯಾದ ವರ್ಷದಿಂದ ಅವನೂ ವೀಡಾಳೂ ಹಬ್ಬ ಮುಗಿದ ಮೇಲೆ ತಮ್ಮ ಕ್ರಿಸ್‌ಮಸ್ ಮರವನ್ನು ಎಸೆದವರಲ್ಲ. ಬುಡಕ್ಕೆ ಸಿಮೆಂಟ್ ಇಟ್ಟಿಗೆ ಕಟ್ಟಿ, ದೋಣಿಯಲ್ಲಿ ಹೊತ್ತುಕೊಂಡು ಹೋಗಿ, ಜಲಾಶಯದ ಒಂದು ಜಾಗದಲ್ಲಿ ಮುಳುಗಿಸಿ ಬರುತ್ತಿದ್ದರು. ಎಲೆ ಕೊಳೆತು ಹೋಗುತ್ತದೆ, ಕೊಂಬೆ ಉಳಿಯುತ್ತದೆ. ಕೊಂಬೆಯ ಸಂದಿಗೆ ಸಣ್ಣ ಮೀನು ಬರುತ್ತದೆ, ಅದನ್ನು ತಿನ್ನಲು ದೊಡ್ಡ ಬಾಸ್ ಬರುತ್ತದೆ. ಅವರ ಸಂಸಾರದ ಅಷ್ಟೂ ಹಬ್ಬಗಳು ಆ ನೀರಿನಡಿ ಒಂದರ ಮೇಲೊಂದು ಮಲಗಿವೆ. ಜಾಗ ಗೊತ್ತಿದ್ದದ್ದು ಇಬ್ಬರಿಗೇ. ನನ್ನನ್ನು ಒಮ್ಮೆ ಕರೆದುಕೊಂಡು ಹೋಗಿದ್ದ, ದಾರಿ ಕಾಣದಂತೆ ನನ್ನ ಟೋಪಿಯನ್ನು ಗಲ್ಲದವರೆಗೆ ಎಳೆದು. ನಾನು ಟೋಪಿಯೊಳಗೇ ವಾಂತಿ ಮಾಡಿಕೊಂಡೆ. ಅಂಗಡಿಯ ಮುಂದೆ ನಿಲ್ಲಿಸಿದ ನನ್ನದೇ ಗಾಡಿಯನ್ನು ಹುಡುಕಲು ಪರದಾಡುವ ನನಗೆ ಕಣ್ಣು ಕಟ್ಟುವ ಅಗತ್ಯವೇ ಇರಲಿಲ್ಲ. ಆದರೂ ಆಮೇಲೆ ಅಲ್ಲಿ ಮೀನು ಕಡಿಮೆ ಸಿಕ್ಕ ದಿನವೆಲ್ಲ ಅವನು ನನ್ನ ಬೂಟು ಒದ್ದೆಯಾಗಿದೆಯೇ ಎಂದು ನೋಡುತ್ತಿದ್ದ.

ಹೋದ ಏಪ್ರಿಲ್‌ನಲ್ಲಿ ಡೆಲ್ಮರ್ ಮಾರ್ಷಲ್ ಆಗಲು ಅರ್ಜಿ ಹಾಕಿದ. ಮಾರ್ಷಲ್ ಎಂದರೆ ಅಭಿಮಾನಿಗಳಲ್ಲೇ ಒಬ್ಬ. ಪ್ರೊನ ದೋಣಿಯ ಹಿಂದಿನ ಸೀಟಿನಲ್ಲಿ ದಿನವಿಡೀ ಕೂತು, ಹಿಡಿದ ಮೀನನ್ನು ಬರೆದುಕೊಂಡು, ತಪ್ಪು ನಡೆಯದಂತೆ ನೋಡಬೇಕು. ಗಾಳ ಮುಟ್ಟುವಂತಿಲ್ಲ, ಬಲೆ ಹಿಡಿಯುವಂತಿಲ್ಲ, ಮೀನಿನ ವಿಷಯ ಮಾತಾಡುವಂತಿಲ್ಲ. ಪ್ರತಿ ವರ್ಷ ಅವನ ದೂರುಗಳನ್ನು ಕೇಳಿ ಕೇಳಿ ಸುಸ್ತಾಗಿದ್ದ ಪಂದ್ಯದ ಮುಖ್ಯಸ್ಥ ಹಾಲಿಸ್ ಕ್ರಂಪ್ ತಕ್ಷಣ ಒಪ್ಪಿಕೊಂಡ.

"ಒಪ್ಪದೇ ಏನು ಮಾಡ್ಲಿ?" ಎಂದು ನನ್ನ ಹತ್ತಿರ ಹೇಳಿದ. "ದೋಣೀಲಿದ್ರೆ ದಡದಲ್ಲಿ ಇರಲ್ಲ. ಮೇಲಾಗಿ, ಬಾಯಿ ಬಿಡಬಾರದು ಅಂತ ನಿಯಮ ಇದೆ."

ಹಲವು ದಿನದ ಪಂದ್ಯದ ಮೊದಲ ದಿನ ಡೆಲ್ಮರ್‌ಗೆ ಸಿಕ್ಕ ದೋಣಿ ಬೂನ್ ಟ್ಯಾಕೆಟ್‌ನದು. ಕೆಂಟಕಿಯ ಹುಡುಗ, ಎರಡು ವರ್ಷದಿಂದ ಹೋದಲ್ಲೆಲ್ಲ ಗೆಲ್ಲುತ್ತಿದ್ದ. ಹಾಗೆ ಗೆಲ್ಲುವುದೇ ಡೆಲ್ಮರ್‌ನ ಪ್ರಕಾರ ಅರ್ಧ ಸಾಕ್ಷಿ. ಬೆಳಗಿನ ಜಾವ ದೋಣಿ ನಿಲ್ಲುವ ದಕ್ಕೆಯಲ್ಲಿ ವೀಡಾ ಅವನಿಗೆ ಬಿಸ್ಕೆಟ್ ರೊಟ್ಟಿ, ಸಾಸೇಜು ಕಟ್ಟಿಕೊಟ್ಟು, "ಆ ಹುಡುಗಂಗೂ ಒಂದು ಕೊಡು," ಎಂದಳು.

"ಕೊಡಬಾರದು. ಸಹಾಯ ಆಗುತ್ತೆ."

"ಬಿಸ್ಕೆಟ್ಟಾ?"

"ಸಹಾಯ ಸಹಾಯಾನೇ ವೀಡಾ."

ದೋಣಿಯಲ್ಲಿ ನಡೆದದ್ದನ್ನು ನಾನು ಸಂಜೆ ಅವನ ಬಾಯಿಂದಲೇ ಕೇಳಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಬೂನ್‌ಗೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಡೆಲ್ಮರ್ ಅವನ ತೋಳು, ಜೇಬು, ಮೀನು ಹಾಕುವ ತೊಟ್ಟಿ ಎಲ್ಲವನ್ನೂ ಕಾದ. ಹುಡುಗ "ಹೌದು ಸರ್, ಇಲ್ಲ ಸರ್" ಎಂದು ಬಲು ಮರ್ಯಾದೆಯಿಂದ ಇದ್ದ. ಅದೂ ಡೆಲ್ಮರ್‌ಗೆ ಸರಿಬರಲಿಲ್ಲ. ಊಟದ ಹೊತ್ತಿಗೆ ಬೂನ್ ಜಾಗ ಬದಲಿಸಲು ದೋಣಿಯನ್ನು ವೇಗವಾಗಿ ಓಡಿಸಿದ. ಹೋಗುತ್ತ ಹೋಗುತ್ತ, ಏನೂ ಇಲ್ಲದ ಬಯಲು ನೀರಿನ ನಡುವೆ ಥಟ್ಟನೆ ವೇಗ ಇಳಿಸಿದ. ಹಿಂದಕ್ಕೆ ತಿರುಗಿಸಿದ. ನೀರಡಿಯದನ್ನು ತೋರಿಸುವ ಪರದೆಯನ್ನು ಒಂದು ಗಳಿಗೆ ನೋಡಿ, ರಬ್ಬರ್ ಹುಳು ಕಟ್ಟಿದ ಗಾಳವನ್ನು ನೆಟ್ಟಗೆ ಡೆಲ್ಮರ್‌ನ ಕ್ರಿಸ್‌ಮಸ್ ಮರಗಳ ಮೇಲೆ ಬಿಟ್ಟ.

ಮೊದಲ ಮೀನು ಕರುವಿನ ಹಾಗಿತ್ತಂತೆ. ಎರಡನೆಯದು ಅದರ ಅಣ್ಣ. ಡೆಲ್ಮರ್ ಒಂದೊಂದನ್ನೂ ತನ್ನ ಕೈಯಾರೆ ಬರೆದುಕೊಂಡ. ಮಾತಾಡುವಂತಿಲ್ಲ, ಎದ್ದು ಹೋಗುವಂತಿಲ್ಲ.

"ಒಳ್ಳೇ ಜಾಗ ಅಲ್ವಾ ಮಿಸ್ಟರ್ ಡೆಲ್ಮರ್?" ಎಂದನಂತೆ ಬೂನ್, ಐದನೆಯದನ್ನು ತೊಟ್ಟಿಗೆ ಬಿಡುತ್ತ.

"ಮೀನಿನ ವಿಷಯ ಮಾತಾಡಬಾರದು," ಎಂದನಂತೆ ಡೆಲ್ಮರ್. ಅವತ್ತು ಅವನು ಆಡಿದ ಅತಿ ಕಷ್ಟದ ಮಾತು ಅದು.

ಸಂಜೆ ತೂಕದ ವೇದಿಕೆಯ ಮುಂದೆ ಊರೇ ನೆರೆದಿತ್ತು. ಬೂನ್ ಟ್ಯಾಕೆಟ್‌ನ ಚೀಲ ತಕ್ಕಡಿಗೆ ಬಿದ್ದಾಗ ಜನ ಕೂಗಿದ ಕೂಗಿಗೆ ನಾನು ಕೈಯಲ್ಲಿದ್ದ ಬೇಯಿಸಿದ ಕಡಲೆಕಾಯಿ ಚೆಲ್ಲಿಕೊಂಡೆ. ಬಗ್ಗಿ ಆರಿಸುತ್ತಿದ್ದ ನನ್ನ ಕಾಲರ್ ಹಿಡಿದು ಡೆಲ್ಮರ್ ಕಡಲೆಕಾಯಿ ಗಾಡಿಯ ಹಿಂದಕ್ಕೆ ಎಳೆದುಕೊಂಡು ಹೋದ.

"ಎಷ್ಟಕ್ಕೆ ಮಾರ್ದೆ?"

"ಏನನ್ನ?"

"ನನ್ನ ಮರಗಳನ್ನ. ಸೀದಾ ಹೋಗಿ ನಿಂತ ಕಣೋ, ಅವನಪ್ಪ ನೆಟ್ಟ ಹಾಗೆ. ಯಾರೋ ಹೇಳಿದ್ದಾರೆ. ಅಲ್ಲಿಗೆ ಬಂದಿರೋನು ನೀನೊಬ್ಬನೇ."

"ನಾನು ಕಂಡಿದ್ದು ನನ್ನ ಟೋಪಿಯ ಒಳಗಡೇನ ಮಾತ್ರ, ಡೆಲ್ಮರ್. ಅದರಲ್ಲಿ ಏನಿತ್ತು ಅಂತ ನಿಂಗೂ ಗೊತ್ತು."

ಅಷ್ಟರಲ್ಲಿ ವೀಡಾ ಬಂದಳು. ವಿಷಯ ಕೇಳಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಗೊತ್ತಿರೋದು ಇಬ್ಬರಿಗೆ. ಒಬ್ಬ ನೀನು. ಮುಂದಕ್ಕೆ ಹೇಳು."

"ನಾನೇನೂ ಅಂದಿಲ್ಲ."

"ಅನ್ನೋಕೆ ಬಾಯಿ ತೆಗೆದಿದ್ದೆ."

"ಆಕಳಿಕೆ ಬಂತು," ಎಂದ ಡೆಲ್ಮರ್. ನಂತರ ಮುಖ ಗಟ್ಟಿ ಮಾಡಿ, "ದೂರು ಕೊಡ್ತೀನಿ," ಎಂದ.

"ಕೊಡು," ಎಂದಳು ವೀಡಾ. "ಆದ್ರೆ ಎಲ್ಲಿ ಅಂತ ಹೇಳ್ಬೇಕಾಗುತ್ತೆ. ಜಾಗ ತೋರಿಸದೆ ಜಾಗ ಕದ್ದ ಅಂತ ಹೇಗೆ ಹೇಳ್ತೀಯ?"

ಡೆಲ್ಮರ್ ಇದನ್ನು ಯೋಚಿಸಿರಲಿಲ್ಲ. ದೂರು ಕೊಟ್ಟರೆ ಮರಗಳ ಜಾಗ ಊರ ಪಾಲು. ಕೊಡದಿದ್ದರೆ, ತನ್ನ ಕಣ್ಣೆದುರೇ ನಡೆದ ಮೋಸಕ್ಕೆ ತಾನೇ ಮಾರ್ಷಲ್ ಆಗಿ ಸಹಿ ಹಾಕಿದಂತೆ. ಕೊನೆಯ ದೋಣಿ ತೂಗಿದ ಸ್ವಲ್ಪ ಹೊತ್ತಿನೊಳಗೆ ದೂರು ಕೊಡಬೇಕೆಂಬ ನಿಯಮವೂ ಅವನಿಗೆ ಬಾಯಿಪಾಠವಿತ್ತು. ವೇದಿಕೆಯಲ್ಲಿ ಕೊನೆಯ ಚೀಲ ತಕ್ಕಡಿ ಏರುತ್ತಿತ್ತು. ಅವನು ವೀಡಾಳ ಮುಖ ನೋಡಿದ.

"ನನ್ನ ಯಾಕೆ ನೋಡ್ತೀಯ? ಮರ ಇನ್ನೂ ಬರ್ತವೆ," ಎಂದಳು. ಹೇಳುವಾಗ ಅವಳ ದನಿ ಅಷ್ಟೇನೂ ಗಟ್ಟಿ ಇರಲಿಲ್ಲ.

ಹಾಲಿಸ್ ಕ್ರಂಪ್‌ನ ಕಚೇರಿ ಒಂದು ಟ್ರೇಲರ್. ಅವನು, ಡೆಲ್ಮರ್, ಬೂನ್, ಜೊತೆಗೆ ಆರೋಪಿಯಾಗಿ ನಾನು. ಹಾಲಿಸ್ ಜಲಾಶಯದ ನಕ್ಷೆ ಹರಡಿದ. ಡೆಲ್ಮರ್ ಬಾಗಿಲು ಹಾಕಿಬಂದು, ಟೋಪಿಯನ್ನು ಬೆರಳಿಗೆ ಮರೆ ಹಿಡಿದು, ಒಂದು ಕಡೆ ಮುಟ್ಟಿದ. ನಾನು ಬೇಕೆಂದೇ ಛಾವಣಿ ನೋಡಿದೆ.

"ಟ್ಯಾಕೆಟ್," ಎಂದ ಹಾಲಿಸ್, "ಈ ಜಾಗದ ಬಗ್ಗೆ ಯಾರಾದ್ರೂ ನಿಂಗೆ ಹೇಳಿದ್ರಾ?"

"ಇಲ್ಲ ಸರ್. ಈ ಸರ್‌ನ ಅಂತೂ ಇವತ್ತೇ ನೋಡಿದ್ದು," ಎಂದು ನನ್ನ ಕಡೆ ಕೈ ತೋರಿಸಿದ. ಸ್ವಲ್ಪ ತಡೆದು, "ಹೇಳೋದೇ ಆದ್ರೆ, ಮಿಸ್ಟರ್ ಡೆಲ್ಮರ್ ಅವ್ರೇ," ಎಂದ.

ಡೆಲ್ಮರ್ ಕುರ್ಚಿಯಿಂದ ಎದ್ದ. "ನಾನು ತುಟಿ ಬಿಚ್ಚಿಲ್ಲ."

"ಬಿಚ್ಚಿಲ್ಲ ಸರ್. ಬೇರೆ ಮಾರ್ಷಲ್‌ಗಳು ಫೋಟೋ ತೆಗೀತಾರೆ, ನಿದ್ದೆ ಹೊಡೀತಾರೆ. ನೀವು ಬೆಳಗ್ಗಿಂದ ನನ್ನ ಗಾಳ ಬಿದ್ದ ಒಂದೊಂದು ಕಡೆಯೂ ಕಣ್ಣು ಕಿತ್ತಿಡೋ ಹಾಗೆ ನೋಡಿದ್ರಿ. ಜಾಗ ಬದಲಿಸೋಕೆ ಹೊರಟ್ರೆ ಎರಡೂ ಕಡೆ ನೀರು ನೋಡ್ತಾ ಬಂದ್ರಿ. ಅಲ್ಲಿಗೆ ಬಂದಾಗ ಮಾತ್ರ ತಲೆ ಎತ್ತಿ ಆಕಾಶ ನೋಡೋಕೆ ಶುರು ಮಾಡಿದ್ರಿ. ಮೋಡಾನೂ ಇರ್ಲಿಲ್ಲ. ಇಲ್ಲೇನೋ ಇರ್ಬೇಕು ಅನ್ನಿಸ್ತು."

ಡೆಲ್ಮರ್ ನಿಧಾನವಾಗಿ ಕೂತ. ಆ ಮುಖವನ್ನು ನಾನು ಬಲ್ಲೆ. ಚಿಕ್ಕಂದಿನಲ್ಲಿ ಅವನ ಬಸ್ಸು ಹತ್ತಿದ ಹುಡುಗರೆಲ್ಲ ಬಲ್ಲರು. ಜೇಬಿನಿಂದ ಕಪ್ಪೆ ತೆಗೆದು ಕೈಯಲ್ಲಿಟ್ಟಾಗ ಆಗುತ್ತಿದ್ದ ಮುಖ, ಆದರೆ ಆಗ ಅದು ಸಿಕ್ಕಿಬಿದ್ದ ಹುಡುಗನದಾಗಿರುತ್ತಿತ್ತು.

"ಈಗ ದೂರು ಯಾರ ಮೇಲೆ?" ಎಂದ ಹಾಲಿಸ್. ಅವನಿಗೆ ನಗು ತಡೆಯುವುದು ಕಷ್ಟವಾಗಿತ್ತು. "ಸುದ್ದಿ ತಗೊಂಡೋನ ಮೇಲಾ, ಕೊಟ್ಟೋನ ಮೇಲಾ?"

"ಇಬ್ಬರ ಮೇಲೂ," ಎಂದ ಡೆಲ್ಮರ್. "ನಿಯಮ ಓದಿ."

ಹಾಲಿಸ್ ಓದಿದ. ಕೇಳಬಾರದು, ಹೇಳಬಾರದು ಎಂದಿತ್ತು. ಡೆಲ್ಮರ್ ಮತ್ತೆ ಓದಿಸಿದ. ಅವನು ಕೇಳಲಿಲ್ಲ, ಇವನು ಹೇಳಲಿಲ್ಲ. ಆಕಾಶ ನೋಡಬಾರದೆಂದು ಎಲ್ಲಿಯೂ ಬರೆದಿರಲಿಲ್ಲ.

"ನಿಯಮದಲ್ಲಿ ತೂತಿದೆ," ಎಂದ ಡೆಲ್ಮರ್ ಕೊನೆಗೆ, ಬಹಳ ಸಂಕಟದಿಂದ. "ದೂರು ವಾಪಸ್. ಮಾರ್ಷಲ್‌ಗಳಿಗೆ ಕಪ್ಪು ಕನ್ನಡಕ ಕಡ್ಡಾಯ ಮಾಡಿ."

ಬೂನ್ ಎದ್ದು ಟೋಪಿ ತೆಗೆದ. "ನಾಳೆ ನಾನು ಅಲ್ಲಿಗೆ ಹೋಗಲ್ಲ ಮಿಸ್ಟರ್ ಡೆಲ್ಮರ್. ಅದು ನಿಮ್ಮದು."

"ಯಾಕೆ? ಅದಕ್ಕಿಂತ ಒಳ್ಳೇ ಜಾಗ ಇನ್ನೆಲ್ಲೋ ಇಟ್ಕೊಂಡಿದ್ದೀಯಾ?"

ಹುಡುಗ ಮಾತು ಉಳಿಸಿಕೊಂಡ, ಪಂದ್ಯ ಕಳೆದುಕೊಂಡ. ಆದರೆ ಮೊದಲ ದಿನ ಮಧ್ಯಾಹ್ನ ಅವನು ಐದು ದೊಡ್ಡ ಮೀನು ಎತ್ತಿದ್ದನ್ನು ಬೈನಾಕ್ಯುಲರ್ ಹಿಡಿದು ನೋಡಿದವರು ದಡದಲ್ಲಿ ಬೇಕಾದಷ್ಟು ಜನ ಇದ್ದರು. ಮಾರನೆಯ ದಿನ ಆ ನೀರಿನ ಮೇಲೆ ಭಾನುವಾರದ ಚರ್ಚಿನ ಮುಂದೆ ಕಾರು ನಿಂತ ಹಾಗೆ ದೋಣಿ ನಿಂತಿದ್ದವು. ಡೆಲ್ಮರ್ ದೂರು ಕೊಡದಿದ್ದರೂ ಜಾಗ ಹೋಗುತ್ತಿತ್ತು, ವಾಪಸ್ ತಗೊಂಡರೂ ಹೋಯಿತು. ವೀಡಾ ಅವತ್ತು ದಡಕ್ಕೆ ಬರಲಿಲ್ಲ.

ಈ ಜನವರಿಯಲ್ಲಿ ಹಬ್ಬದ ಮರ ಒಣಗಿದ ಮೇಲೆ ಡೆಲ್ಮರ್ ನನ್ನ ಅಂಗಡಿಗೆ ಬಂದ. ಟೈರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. "ವೀಡಾಗೆ ಮಂಡಿ ನೋವು. ಇಟ್ಟಿಗೆ ಎತ್ತೋಕೆ ಒಬ್ರು ಬೇಕು."

"ಟೋಪಿ ತರ್ಲಾ?"

"ಬೇಡ," ಎಂದ. ಕಾಲರ್ ಹಿಡಿದದ್ದರ ಬಗ್ಗೆ ಅವನಿಂದ ನನಗೆ ಸಿಕ್ಕ ಕ್ಷಮಾಪಣೆ ಅಷ್ಟೇ. ನಾನು ಅಷ್ಟಕ್ಕೇ ಸಂತೋಷಪಟ್ಟೆ.

ಹೊಸ ಜಾಗಕ್ಕೆ ಹೋದೆವು. ವೀಡಾ ಮುಂದೆ ಕಂಬಳಿ ಹೊದ್ದು ಕೂತಿದ್ದಳು, ಮರ ನಮ್ಮಿಬ್ಬರ ನಡುವೆ ಮಲಗಿತ್ತು, ಕೊಂಬೆಯಲ್ಲಿ ಬೆಳ್ಳಿ ಕಾಗದದ ಒಂದು ಎಳೆ ಇನ್ನೂ ಸಿಕ್ಕಿಕೊಂಡಿತ್ತು. ಡೆಲ್ಮರ್ ಎಂಜಿನ್ ನಿಲ್ಲಿಸಿದ. ಇಷ್ಟು ವರ್ಷದ ಮೇಲೆ ನಂಬಿ ಕರೆದುಕೊಂಡು ಬಂದಿದ್ದಾನೆ, ನಾನೂ ದೊಡ್ಡತನ ತೋರಿಸಬೇಕು ಅನ್ನಿಸಿತು. ದಡದ ಗುರುತುಗಳನ್ನು ನೋಡಬಾರದೆಂದು ತಲೆ ಎತ್ತಿ ಮೋಡ ನೋಡುತ್ತ ನಿಂತೆ.

ಇಟ್ಟಿಗೆ ಕಟ್ಟುತ್ತಿದ್ದ ಡೆಲ್ಮರ್‌ನ ಕೈ ನಿಂತಿತು.

"ಹಾಯ್ಟ್," ಎಂದ ಮೆಲ್ಲಗೆ, "ಇಲ್ಲಿ ಏನು ಮುಳುಗಿಸಿದ್ದೀಯ?"