ಲೈಸೆನ್ಸ್ ಬರುವ ತನಕ

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ಅರಿವಳಿಕೆ ವೈದ್ಯರ ಪಕ್ಕದಲ್ಲಿ ನಿಂತು ಕೆಲಸ ಮಾಡಿದವಳು ನಾನು. ಯಂತ್ರ ಪರೀಕ್ಷಿಸುವುದು, ಸಿರಿಂಜಿಗೆ ಔಷಧಿ ತುಂಬಿ ಚೀಟಿ ಅಂಟಿಸುವುದು, ಡಾಕ್ಟರು ಕೈಚಾಚುವ ಮೊದಲೇ ಉಸಿರಿನ ಕೊಳವೆ ಎತ್ತಿಕೊಡುವುದು. ಗಂಡನ ಜೊತೆ ಒಮಾನಿಗೆ ಬಂದು ಬರ್ಕಾದ ಸಣ್ಣ ಆಸ್ಪತ್ರೆಯೊಂದಕ್ಕೆ ಸೇರಿದಾಗ ಅದ್ಯಾವುದನ್ನೂ ಮಾಡುವಂತಿರಲಿಲ್ಲ. ಸರ್ಟಿಫಿಕೇಟುಗಳ ಪರಿಶೀಲನೆಯಾಗಿ, ಪರೀಕ್ಷೆ ಪಾಸಾಗಿ, ಲೈಸೆನ್ಸ್ ಕೈಗೆ ಬರುವ ತನಕ ನೋಡಬಹುದು, ಮುಟ್ಟಬಾರದು.

ಅಲ್ಲಿನ ಹಿರಿಯ ಅರಿವಳಿಕೆ ತಂತ್ರಜ್ಞರು ಐವತ್ತು ದಾಟಿದ ಒಮಾನಿ. ಚೆನ್ನಾಗಿ ಹಿಂದಿ ಮಾತಾಡುತ್ತಿದ್ದರು. ನನ್ನನ್ನು ‘ಉಖ್ತಿ’, ಅಂದರೆ ತಂಗಿ, ಎಂದೇ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ತುರ್ತು ಸಿಸೇರಿಯನ್. ಪಕ್ಕದ ಥಿಯೇಟರಿನಿಂದ ಅವರು ಬರುವುದು ಎರಡು ನಿಮಿಷ ತಡವಾಯಿತು. ಡಾಕ್ಟರು ಸುತ್ತ ನೋಡಿದರು. ನಾನು ಸಿರಿಂಜಿಗೆ ಕೈಹಾಕಿದೆ.

“ಉಖ್ತಿ, ಬಿಡು!” ಬಾಗಿಲಲ್ಲಿ ಅವರು ನಿಂತಿದ್ದರು.

“ನನಗೆ ಗೊತ್ತಿರುವ ಕೆಲಸ ಇದು.”

“ನಿನಗೆ ಗೊತ್ತು ಅಂತ ನನಗೂ ಗೊತ್ತು. ಲೈಸೆನ್ಸ್ ಇಲ್ಲ. ಖಲಾಸ್.”

ಅವರೇ ಬಂದು ಸಿರಿಂಜು ಎತ್ತಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಮಗು ಜೋರಾಗಿ ಅತ್ತಿತು. ಸ್ಟೋರ್ ರೂಮಿಗೆ ಹೋಗಿ ನಾನೂ ಅತ್ತೆ.

ಮಧ್ಯಾಹ್ನ ಅವರು ಊಟದ ಡಬ್ಬಿ ಹಿಡಿದು ನನ್ನೆದುರು ಬಂದು ಕೂತರು. ಹಿಂದೊಮ್ಮೆ, ನನ್ನ ಹಾಗೇ ಹೊರದೇಶದಿಂದ ಬಂದು ಲೈಸೆನ್ಸಿಗೆ ಕಾಯುತ್ತಿದ್ದ ಗೆಳೆಯನಿಗೆ ‘ಪರವಾಗಿಲ್ಲ, ಮಾಡು’ ಅಂದಿದ್ದರಂತೆ. “ರೋಗಿಗೆ ಏನೂ ಆಗಲಿಲ್ಲ. ಆದರೆ ವಿಚಾರಣೆಯಾಗಿ ಅವನನ್ನು ಊರಿಗೆ ಕಳಿಸಿದರು. ಮಾಡು ಅಂದವನು ನಾನು, ಹೋದವನು ಅವನು.” ಇಷ್ಟು ಹೇಳಿ ಡಬ್ಬಿಯಲ್ಲಿದ್ದ ಖರ್ಜೂರ ನನ್ನ ಕಡೆ ತಳ್ಳಿದರು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಮರುದಿನದಿಂದ ಊಟದ ಹೊತ್ತಿಗೆ ಅವರೇ ನನ್ನ ಮೇಷ್ಟ್ರು. ಯಂತ್ರದಲ್ಲಿ ಆಮ್ಲಜನಕ ಕಡಿಮೆಯಾದರೆ ಮೊದಲು ಏನು ನೋಡುತ್ತಿ? ಕೊಳವೆ ಹೋಗದಿದ್ದರೆ? ನಾನು ಒಯ್ದ ನೀರುದೋಸೆ ತಿನ್ನುತ್ತಲೇ ತಪ್ಪು ಹಿಡಿಯುತ್ತಿದ್ದರು. ಅಲ್ ಮಬೇಲಾದ ನಮ್ಮ ಮನೆಯಲ್ಲಿ ಗಂಡ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದರು. ಔಷಧಿಗಳ ಹೆಸರು ಬಂದರೆ ಮಾತ್ರ ಸೋಲು. “ಸಕ್ಸಿನೈ... ಎಂತದು ಮಾರಾಯ್ತಿ ಇದು? ನೀನೇ ಓದಿ ನೀನೇ ಹೇಳು!”

ಮೊದಲ ಸಲ ಫೇಲಾದೆ. ಥಿಯೇಟರಿನಲ್ಲಿ ಯಾರಿಗೂ ಹೇಳಲಿಲ್ಲ. ಹಿರಿಯರು ಮುಖ ನೋಡಿ, “ಯಾವ ಪಾಠ ಕೈಕೊಟ್ಟಿತು?” ಎಂದಷ್ಟೇ ಕೇಳಿ, ಆವತ್ತೇ ಆ ಪಾಠವನ್ನು ಪುನಃ ಶುರುಮಾಡಿದರು. ಎರಡನೆಯ ಸಲ ಪಾಸಾದೆ.

ಲೈಸೆನ್ಸ್ ಬಂದ ದಿನ ಹಿರಿಯರು ಅದರಲ್ಲಿದ್ದ ನನ್ನ ಹೆಸರನ್ನು ಅಪ್ಪನ ಹೆಸರಿನ ಸಮೇತ ಗಟ್ಟಿಯಾಗಿ ಓದಿ, “ಯಲ್ಲಾ, ನಡಿ ಉಖ್ತಿ, ಕೆಲಸ ಶುರುಮಾಡು” ಎಂದರು.

ಮೊದಲ ರೋಗಿ ಹರ್ನಿಯಾ ಆಪರೇಷನ್ನಿಗೆ ಬಂದಿದ್ದ, ತೋಟ ಮಾಡಿಕೊಂಡಿದ್ದ ಒಬ್ಬ ಅಜ್ಜ. ನನ್ನ ಕೈ ಗಟ್ಟಿಯಾಗಿ ಹಿಡಿದು ಅರಬ್ಬಿಯಲ್ಲಿ ಏನೋ ಕೇಳಿದರು.

“ಎಚ್ಚರವಾದಾಗ ನೀನು ಇಲ್ಲೇ ಇರುತ್ತೀಯಾ ಅಂತ ಕೇಳುತ್ತಿದ್ದಾರೆ” ಎಂದರು ಹಿರಿಯರು.

“ಇರುತ್ತೇನೆ ಅಂತ ಹೇಳಿ.”

“ನೀನೇ ಹೇಳು. ಮೌಜೂದಾ.”

“ಮೌಜೂದಾ” ಎಂದೆ. ನನ್ನ ಉಚ್ಚಾರಣೆಗೆ ಅಜ್ಜ ನಕ್ಕುಬಿಟ್ಟರು. ಡಾಕ್ಟರು ಕೊಟ್ಟ ಔಷಧಿಗೆ ಕಣ್ಣು ಮುಚ್ಚುವವರೆಗೂ ಅಜ್ಜ ನಗುತ್ತಲೇ ಇದ್ದರು. ಒಂದು ಗಂಟೆಯ ಮೇಲೆ ಅವರು ಕಣ್ಣು ಬಿಟ್ಟಾಗ ನಾನು ತಲೆಯ ಬಳಿಯೇ ಇದ್ದೆ.