ರಮ್ಯಾ ಬರೆದುಕೊಂಡ ನನ್ನ ಮಾತು

ಮೊದಲ ದಿನ ಬಳೆ, ಸರ, ಚಪ್ಪಲಿ ಬಿಚ್ಚಿಸಿ, ತಲೆಗೆ ಟೋಪಿ ಹಾಕಿಸಿ, ಮೊಣಕೈವರೆಗೆ ಸ್ಪಿರಿಟ್ ಹಚ್ಚಿಸಿ ಟಿಶ್ಯೂ ಕಲ್ಚರ್ ಲ್ಯಾಬಿನ ಒಳಗೆ ಬಿಟ್ಟರು. ಹೊರಗೆ ತಮಿಳುನಾಡಿನ ಹೊಸೂರಿನ ಬಿಸಿಲು, ಒಳಗೆ ಎಸಿಯ ಚಳಿ. ಸಾಲು ಸಾಲು ಗಾಜಿನ ಬಾಟಲಿಗಳಲ್ಲಿ ಮಣ್ಣೇ ಇಲ್ಲದೆ ಬೆಳೆಯುತ್ತಿರುವ ಗಿಡಗಳು. ಚಿಮಟದಿಂದ ಒಂದು ಜರ್ಬೆರಾ ಹೂಗಿಡದ ಕುಡಿಯನ್ನು ಎತ್ತಿದೆ. ಪಕ್ಕದ ಹೆಂಗಸು, "ಮೆಲ್ಲಗ್ ಹಿಡ್ಕಮ್ಮಾ, ಚೆಡಿ ಸತ್ತೋಯ್ತದೆ" ಅಂದಳು. ಕನ್ನಡವೇ, ಆದರೂ ಅರ್ಥವಾಗಲಿಲ್ಲ. ಚೆಡಿ ಎಂದರೆ ತಮಿಳಿನಲ್ಲಿ ಗಿಡ ಎಂದು ತಿಳಿಯುವಷ್ಟರಲ್ಲಿ ಕುಡಿ ಜಾರಿ ಬಿದ್ದಿತ್ತು. ಮೂರು ವರ್ಷ ಸಸ್ಯಶಾಸ್ತ್ರ ಓದಿದವಳ ಕೈಯಿಂದ.

ಆ ಹೆಂಗಸು ಲಕ್ಷ್ಮಕ್ಕ. ಕೆಲಮಂಗಲದ ಹತ್ತಿರದ ಹಳ್ಳಿಯವಳು, ಓದಿದ್ದು ಎಂಟನೇ ಕ್ಲಾಸು. ನಾನು ಒಂದು ಬಾಟಲಿ ಮುಗಿಸುವಷ್ಟರಲ್ಲಿ ಅವಳದು ಮೂರು ಮುಗಿದಿರುತ್ತದೆ. ಎಂಟು ವರ್ಷದ ಅನುಭವಕ್ಕೆ ತಕ್ಕಂತೆ ಅವಳ ಸಂಬಳವೂ ನನ್ನದಕ್ಕಿಂತ ಹೆಚ್ಚು. ಅದು ನ್ಯಾಯವೇ. ಆದರೂ ಮೊದಲ ತಿಂಗಳು ಆ ನ್ಯಾಯ ನನಗೆ ನುಂಗಲಾಗಲಿಲ್ಲ.

ನಮ್ಮ ರಾಣೆಬೆನ್ನೂರಿನ ಕಡೆ ಅವ್ವ ಬೀಜದ ಹೊಲಗಳಲ್ಲಿ ಕ್ರಾಸಿಂಗ್‌ಗೆ ಹೋಗುತ್ತಿದ್ದಳು. ಒಂದು ಹೂವಿನ ಕೇಸರ ಕಿತ್ತು, ಇನ್ನೊಂದರ ಪರಾಗವನ್ನು ಅದಕ್ಕೆ ಸವರುವ ಕೂಲಿ ಕೆಲಸ. ಅವಳ ಕೈಯಲ್ಲೂ ಚಿಮಟವೇ ಇತ್ತು. ಅಲ್ಲಿ ಬಿಸಿಲು, ಇಲ್ಲಿ ಎಸಿ. ನಡುವೆ ನನ್ನ ಬಿಎಸ್ಸಿ, ಅದಕ್ಕೆ ತೆಗೆದ ಮೂರು ಲಕ್ಷ ಸಾಲ.

ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಇಬ್ಬರು ಹುಡುಗಿಯರ ಜೊತೆ ಒಂದು ರೂಮು ಹಿಡಿದಿದ್ದೇನೆ. ಲ್ಯಾಬಿನ ಊಟದ ಕೋಣೆಯಲ್ಲಿ, ಖಡಕ್ ರೊಟ್ಟಿ ತಿಂದು ಬೆಳೆದ ಬಾಯಿ ಮುದ್ದೆಯನ್ನು ಅಗಿಯಲು ಹೋಗುತ್ತದೆ. "ಅಗೀಬ್ಯಾಡ, ನುಂಗು. ಪರೀಕ್ಷೆ ಪಾಸ್ ಮಾಡಿದ್ದೀಯಂತೆ, ಮುದ್ದೆ ನುಂಗಕ್ಕೆ ಬರಲ್ವಾ?" ಎಂದು ಲಕ್ಷ್ಮಕ್ಕ ನಗುತ್ತಾಳೆ. ಒಂದು ತುತ್ತು ಸಿಕ್ಕಿಕೊಳ್ಳದೆ ಇಳಿದ ದಿನ ಊಟದ ಕೋಣೆಯವರೆಲ್ಲ ಚಪ್ಪಾಳೆ ಹೊಡೆದರು. ಆಮೇಲೆ ಅವ್ವನಿಗೆ ಫೋನ್ ಮಾಡಿದವಳು ಅದನ್ನು ಹೇಳಲಿಲ್ಲ. ಏಕೋ ತಪ್ಪು ಮಾಡಿದಂತೆನಿಸಿತು.

ಡಿಗ್ರಿಯವರಿಗೆ ಆರು ತಿಂಗಳಲ್ಲಿ ಸೂಪರ್‌ವೈಸರ್ ಹುದ್ದೆ ಎಂದು ಇಂಟರ್‌ವ್ಯೂನಲ್ಲಿ ಹೇಳಿದ್ದರು. ಏಳನೇ ತಿಂಗಳು ಆಫೀಸಿಗೆ ಹೋಗಿ ಕೇಳಿದೆ. "ಹಾಗಂತ ಎಲ್ಲಿ ಬರೆದುಕೊಟ್ಟಿದ್ದೀವಿ?" ಎಂದರು. ಎಲ್ಲೂ ಇರಲಿಲ್ಲ.

ಆ ಸಂಜೆಯೇ ಪಿಯುಸಿಯಲ್ಲಿ ಜೀವಶಾಸ್ತ್ರ ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಿದೆ. "ಬಯಾಲಜಿ ಮಾಡ್ದೋರಿಗೆ ಲ್ಯಾಬಿನ್ಯಾಗ ಕೆಲಸ ಗ್ಯಾರಂಟಿ" ಎಂದು ಅವರು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಪ್ಪ ಗಿರಣಿಯಿಂದ ಹಿಟ್ಟಿನ ಕೈಯಲ್ಲೇ ಬ್ಯಾಂಕಿಗೆ ಬಂದು ಸಾಲಕ್ಕೆ ಸಹಿ ಹಾಕಿದ್ದು ಆ ಮಾತಿನ ಮೇಲೆ. ಮೇಷ್ಟ್ರು ಸಮಾಧಾನವಾಗಿಯೇ ಉತ್ತರಿಸಿದರು: "ಬರೇ ಬಿಎಸ್ಸಿ ಮಾಡಿದ್ರ ಏನೂ ಆಗಂಗಿಲ್ಲ, ಎಂಎಸ್ಸಿ ಮಾಡ್ಬೇಕು ಅಂತ ಅವತ್ತ ಹೇಳಿದ್ನಲ್ಲವಾ. ನೀ ಎಲ್ಲಿ ಕೇಳಿದಿ?"

ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಹಳೆಯ ಡೈರಿ ತೆಗೆದೆ. ಮೇಷ್ಟ್ರು ಆ ಮಾತು ಹೇಳಿದ ದಿನದ ಪುಟದಲ್ಲಿ, "ಬಿಎಸ್ಸಿ ಫಾರಂ ತಂದೆ. ಸರ್ ಖುಷಿಪಟ್ಟರು. ಮಿರ್ಚಿ ಚೆನ್ನಾಗಿತ್ತು." ಅಷ್ಟೇ. ದಿನವೂ ಬರೆಯುವ ನಾನು ಬೇಕಾದ ಮಾತೊಂದನ್ನೇ ಬರೆದಿರಲಿಲ್ಲ. ಮೋಸ ಹೋದೆ ಎಂಬುದು ಮೈಗೆಲ್ಲ ಗೊತ್ತು. ಮಾಡಿದವರು ಯಾರು ಎಂದು ಹುಡುಕಿದರೆ, ಇಬ್ಬರ ಎರಡು ನೆನಪುಗಳು ಬಿಟ್ಟರೆ ಏನೂ ಇಲ್ಲ. ಅವರೇ ಹೇಳಿದರೋ, ನನಗೆ ಬೇಕಾದ್ದನ್ನು ನಾನೇ ಅವರ ಬಾಯಲ್ಲಿ ಇಟ್ಟೆನೋ?

ಹೋದ ಭಾನುವಾರ ಲಕ್ಷ್ಮಕ್ಕ ಮಗಳು ರಮ್ಯಾಳನ್ನು ಕರೆದುಕೊಂಡು ರೂಮಿಗೆ ಬಂದಳು. ಹುಡುಗಿ ಪ್ಲಸ್ ಟು, ಅಂದರೆ ನಮ್ಮ ಪಿಯುಸಿ, ಪಾಸಾಗಿದ್ದಾಳೆ. ಖಾಸಗಿ ಕಾಲೇಜೊಂದರಲ್ಲಿ ಬಿಎಸ್ಸಿ ಬಯಾಲಜಿಗೆ ಸೀಟು ಸಿಕ್ಕಿದೆ. ಮರುದಿನ ಬ್ಯಾಂಕಿನಲ್ಲಿ ಸಾಲದ ಅರ್ಜಿಗೆ ತಾಯಿ ಸಹಿ ಹಾಕಬೇಕು.

"ನೀನ್ ಓದಿದೋಳು. ಹಾಕ್ಲಾ, ಬ್ಯಾಡ್ವಾ? ಹೇಳ್ಬುಡು" ಎಂದಳು ಲಕ್ಷ್ಮಕ್ಕ.

ಹೌದು ಎಂದರೂ ಬೇಡ ಎಂದರೂ ಮೂರು ವರ್ಷದ ಮೇಲೆ ಈ ಹುಡುಗಿಯ ನೆನಪಿನಲ್ಲಿ ಆ ಮಾತು ಏನಾಗಿರುತ್ತದೋ ಎಂದು ಹೆದರಿಕೆಯಾಯಿತು. "ಬಾಯಲ್ಲಿ ಹೇಳಲ್ಲ, ಬರೆದುಕೊಡ್ತೀನಿ" ಎಂದು ಹಾಳೆ ತೆಗೆದೆ.

ರಮ್ಯಾ ನಾಚಿಕೊಂಡಳು. "ಅಕ್ಕಾ, ನಂಗೆ ಕನ್ನಡ ಓದಕ್ಕೆ ಬರಲ್ಲ. ತಮಿಳೇ ಓದಿದ್ದು. ನೀವು ಹೇಳಿ, ನಾನ್ ಬರ್ಕಂತೀನಿ."

ನಾನು ಕನ್ನಡದಲ್ಲಿ ಹೇಳಿದೆ, ಅವಳು ತಮಿಳಿನಲ್ಲಿ ಬರೆದಳು. ಸಂಬಳ ಹದಿನಾಲ್ಕು ಸಾವಿರ. ಸಾಲದ ಕಂತು ಐದು ಸಾವಿರದ ಹತ್ತಿರ. ಕಟ್ಟಬೇಕಾದ್ದು ಇನ್ನೂ ಐದು ವರ್ಷ. ಈ ಕೆಲಸಕ್ಕೆ ಬಿಎಸ್ಸಿ ಬೇಕಾಗಿರಲಿಲ್ಲ.

ಪೆನ್ನು ನಿಂತಿತು. "ನೀವು ಮಾತ್ರ ಓದ್ಬೋದು, ನಾನ್ ಓದ್ಬಾರ್ದಾ?" ಅವಳ ಕಣ್ಣು ತುಂಬಿತ್ತು.

"ಇನ್ನೊಂದು ಸಾಲು ಇದೆ, ಬರಿ" ಎಂದೆ. "ಬಾಟಲಿಯೊಳಗಿನ ಚೆಡಿಗೆ ಮೊದಲ ಬೇರು ಬಂದಾಗ ಅದು ಯಾಕೆ ಬಂತು ಅಂತ ನನಗೆ ಗೊತ್ತಿರುತ್ತೆ. ಆ ಸಂತೋಷ ಸುಳ್ಳಲ್ಲ. ಆದರೆ ಅದು ಕಂತು ಕಟ್ಟಲ್ಲ."

ಅವಳು ಬರೆದು ಮುಗಿಸಿದಳು. ಲಕ್ಷ್ಮಕ್ಕ ಸಾಲದ ಅರ್ಜಿಯನ್ನು ಮಡಚಿ ಬ್ಯಾಗಿಗೆ ಹಾಕಿದಳು. "ನಾಳೆ ಸಹಿ ಬ್ಯಾಡ. ಗೌರ್ಮೆಂಟ್ ಕಾಲೇಜ್‌ನಾಗೆ ಸೀಟ್ ಐತಾ ಅಂತ ಮೊದ್ಲು ಕೇಳ್ಕಂಡ್ ಬರಾನ. ಮನೆಯಿಂದ್ಲೇ ಬಸ್ಸಲ್ಲಿ ಹೋಗ್ಲಿ." ರಮ್ಯಾ ತಾಯಿಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಹಾಳೆಯನ್ನು ನನ್ನ ಕಡೆ ತಳ್ಳಿದಳು. ಓದಲಾಗದ ಆ ಅಕ್ಷರಗಳ ಕೆಳಗೆ ನಾನು ಕನ್ನಡದಲ್ಲಿ ಸಹಿ ಹಾಕಿದೆ.

"ಅಡ್ರೆಸ್?" ಎಂದಳು.

ಅಭ್ಯಾಸದಂತೆ ರಾಣೆಬೆನ್ನೂರಿನ ಮನೆಯ ವಿಳಾಸ ಹೇಳತೊಡಗಿದೆ. ಅವಳು ತಲೆ ಎತ್ತಿದಳು. "ಮೂರ್ ವರ್ಷ ಆದ್ಮೇಲೆ ಅಷ್ಟ್ ದೂರ ಬಂದು ನಾನ್ ನಿಮ್ಮನ್ನ ಎಂಗ್ ಕೇಳ್ಲಿ? ಮತ್ತಿಗಿರಿ ಅಂತ್ಲೇ ಬರ್ಕಂತೀನಿ."

ಬರಿ ಎಂದೆ. ಈ ಊರಲ್ಲಿ ಇನ್ನೂ ಮೂರು ವರ್ಷ ಇರುತ್ತೇನೆ ಎಂದು ಅವ್ವನಿಗೂ ನಾನು ಹೇಳಿರಲಿಲ್ಲ.