ಆಂಟಿ ಅಳಿಸಿದ ಬರಹ

ಬರೆಯುವಾಗ ಆಂಟಿ ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿ, ಮೂಗು ತಾಗುವಷ್ಟು ಬಾಗಿ ಲ್ಯಾಪ್‌ಟಾಪ್ ನೋಡುತ್ತಿದ್ದರು. ಕನ್ನಡಕ ಕೆಳಗಿಳಿಸಿದಾಗ ಹಣೆಯ ಸ್ಟಿಕ್ಕರ್ ಗಾಜಿಗೆ ಅಂಟಿಕೊಂಡು ಬರುತ್ತಿತ್ತು. ಅದನ್ನು ಉಗುರಿನಿಂದ ಬಿಡಿಸಿ ಮತ್ತೆ ಹಣೆಗೆ ಒತ್ತಿಕೊಂಡು, "ಎಲ್ಲಿದ್ದೆ ನಾನು?" ಎಂದು ನನ್ನನ್ನು ಕೇಳುತ್ತಿದ್ದರು.

ಅಮೆರಿಕದ ಪಿಸ್ಕಾಟವೇಯಲ್ಲಿ ಅವರದು ನಮ್ಮ ಎದುರು ಮನೆ. ಮೈಸೂರಿನವರು. ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ದುಡಿದು ನಿವೃತ್ತರಾಗಿದ್ದರು. ಅಂಕಲ್ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಸುತ್ತಮುತ್ತ ಇದ್ದ ನಾವೆಲ್ಲ ವೀಸಾ ಮೇಲೆ ಬಂದ ಸಾಫ್ಟ್‌ವೇರಿನವರು. ಓಟು ಇದ್ದದ್ದು ಸಿಟಿಜನ್ ಆಗಿದ್ದ ಆಂಟಿಗೆ ಮಾತ್ರ. ಅಧ್ಯಕ್ಷರ ಚುನಾವಣೆ ಬಂದ ವರ್ಷ ಅವರು ತಾವು ಮೆಚ್ಚಿದ ಅಭ್ಯರ್ಥಿಯ ಪ್ರಚಾರಕ್ಕೆ ವಾಲಂಟಿಯರ್ ಆದರು. ಮಂಡಿನೋವಿನಿಂದ ಮನೆಮನೆ ಸುತ್ತಲಾಗದು ಎಂದು, ಪ್ರಚಾರದ ವೆಬ್‌ಸೈಟಿನಲ್ಲಿ ಬ್ಲಾಗ್ ಬರೆಯುವ ಕೆಲಸ ಕೇಳಿ ಪಡೆದರು.

ಬರೆದದ್ದನ್ನು ಮೊದಲು ನನ್ನನ್ನು ಕೂರಿಸಿ ಓದುತ್ತಿದ್ದರು. ನಾನು ಆಕಳಿಸಿದರೆ ಆ ಸಾಲು ಹೋಯಿತೆಂದೇ ಅರ್ಥ. ಅವರ ಇಂಗ್ಲಿಷಿನಲ್ಲಿ ದೊಡ್ಡ ಮಾತುಗಳಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲೇ ನಿದ್ದೆ ಹೋಗುವ ನರ್ಸು, ವಿಮೆ ಇಲ್ಲದೆ ಹಲ್ಲುನೋವು ನುಂಗಿಕೊಂಡ ಕ್ಷೌರಿಕ, ಇಂಥವರ ಬಗ್ಗೆ ಬರೆಯುತ್ತಿದ್ದರು. ಓದುಗರು ಕೆಳಗೆ ಹಾಕುವ ಕಾಮೆಂಟುಗಳನ್ನು ಮಾತ್ರ ನೋಡುತ್ತಿರಲಿಲ್ಲ. "ಅರ್ಧಕ್ಕರ್ಧ ಬೈಗುಳ ಕಣೇ. ಓದಿದ್ರೆ ಮುಂದಿನದು ಬರೆಯಕ್ಕೆ ಕೈ ಏಳಲ್ಲ."

ಮೇಲಿನ ಮನೆಯಲ್ಲಿ ಧಾರವಾಡದ ದಂಪತಿ ಇದ್ದರು. ಹೆಂಡತಿ ನನ್ನ ಗೆಳತಿ. ಆ ಬೇಸಿಗೆಯಲ್ಲಿ ಗಂಡನಿಗೆ ಲೇ ಆಫ್ ಆಯಿತು. ಅವನ ವೀಸಾ ನಿಂತದ್ದೇ ಆ ಕೆಲಸದ ಮೇಲೆ. ಬೇಗ ಇನ್ನೊಂದು ಕಂಪನಿ ಸಿಗದಿದ್ದರೆ ಊರಿಗೆ ಹೊರಡಬೇಕು. ಅವಳಿಗೆ ಆರು ತಿಂಗಳು ತುಂಬಿತ್ತು. ಆಂಟಿ ಅವರ ಮನೆಗೆ ಹೋಗಿ ಕೂತರು. "ನಿಮ್ಮ ಬಗ್ಗೆ ಬರೀಲಾ?" ಎಂದು ಕೇಳಿದರು.

"ಬರೀರಿ ಆಂಟಿ. ಹೆಸರೊಂದು ಹಾಕಬ್ಯಾಡ್ರಿ," ಎಂದ ಅವನು.

ಅದು ಅವರ ಎಲ್ಲ ಬರಹಗಳಿಗಿಂತ ಚೆನ್ನಾಗಿತ್ತು. ನಾನು ಒಮ್ಮೆಯೂ ಆಕಳಿಸಲಿಲ್ಲ. ಹಾಕಿದ ಮರುದಿನವೇ ಪ್ರಚಾರದ ಕಚೇರಿಯಿಂದ ಒಬ್ಬಾಕೆ ಫೋನ್ ಮಾಡಿದಳು. ಕೆಲಸಗಳು ಹೊರದೇಶಕ್ಕೆ ಹೋಗುತ್ತಿವೆ ಎಂದು ಅಭ್ಯರ್ಥಿ ಊರೂರಿನಲ್ಲಿ ಭಾಷಣ ಮಾಡುತ್ತಿರುವಾಗ, ಹೊರಗಿನಿಂದ ಬಂದವರ ಕಷ್ಟ ನಮ್ಮದೇ ವೆಬ್‌ಸೈಟಿನಲ್ಲಿ ಇದ್ದರೆ ಎದುರಾಳಿಗಳಿಗೆ ಅನುಕೂಲ. ದಯವಿಟ್ಟು ತೆಗೆಯಿರಿ ಎಂದಳು. ಆಂಟಿ ತುಂಬ ಹೊತ್ತು ವಾದಿಸಿದರು. ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ತೆಗೀಬಾರದು ಅನ್ಸುತ್ತೆ. ಆದ್ರೆ ನಾನು ಹಟ ಹಿಡಿದು, ಅದ್ರಿಂದ ಸೋತ್ರೆ? ಮೊದಲು ಗೆಲ್ಲಲಿ. ಆಮೇಲೆ ಇನ್ನೂ ಜೋರಾಗಿ ಬರೀತೀನಿ."

ಅಳಿಸಿದರು. ತಿಂಗಳೊಳಗೆ ಧಾರವಾಡದವರು ಸಾಮಾನು ಹಂಚಿ ಹೊರಟುಹೋದರು. ಅಭ್ಯರ್ಥಿಯೂ ಸೋತ.

ಆ ದೀಪಾವಳಿಗೆ ವೆಸ್ಟ್ ವಿಂಡ್ಸರಿನ ಶಾಲೆಯೊಂದರಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಊಟದ ಸಾಲಿನಲ್ಲಿ, ಹತ್ತಿರದ ಊರಾದ ಸಮರ್‌ಸೆಟ್‌ನವರೊಬ್ಬರು ಆಂಟಿಯನ್ನು ಕೇಳಿದರು. "ವೀಸಾ ವಿಷಯ ಬರೆದಿದ್ದೋರು ನೀವೇನಾ? ನಮ್ಮ ಆಫೀಸಲ್ಲಿ ಅಂಥದ್ದೇ ಓಪನಿಂಗ್ ಇತ್ತು. ಕಾಮೆಂಟಲ್ಲಿ ಫೋನ್ ನಂಬರ್ ಹಾಕಿದ್ದೆ, ಆ ಹುಡುಗನಿಗೆ ಹೇಳಿ ಅಂತ. ಮತ್ತೆ ನೋಡಿದ್ರೆ ಪೇಜೇ ಇರ್ಲಿಲ್ಲ."

ಆಂಟಿ ಬರಿ ತಟ್ಟೆ ಹಿಡಿದು ಸಾಲಿನಿಂದ ಪಕ್ಕಕ್ಕೆ ಸರಿದರು. ಮನೆಗೆ ಡ್ರೈವ್ ಮಾಡುವಾಗ ನಾನು ಏನೋ ಸಮಾಧಾನ ಹೇಳಿದೆ. ಮರುದಿನ ನನ್ನೆದುರಿಗೇ ಧಾರವಾಡಕ್ಕೆ ಫೋನ್ ಮಾಡಿ, ನಡೆದದ್ದನ್ನು ಒಂದೂ ಬಿಡದೆ ಅವನಿಗೆ ಹೇಳಿದರು. "ಇರಲಿ ಬಿಡ್ರಿ ಆಂಟಿ. ಅಲ್ಲಿ ಋಣ ಅಷ್ಟಽ ಇತ್ತು ನಮಗ," ಎಂದನಂತೆ.

"ಬೈಲಿಲ್ಲ ಕಣೇ," ಎಂದರು ಆಂಟಿ. "ಬೈದಿದ್ರೆ ಚೆನ್ನಾಗಿತ್ತು."

ಮುಂದಿನ ಚುನಾವಣೆಗೆ ಮತ್ತೆ ಕರೆ ಬಂತು. ಮತದಾರರಿಗೆ ಫೋನ್ ಮಾಡುವ ಕೆಲಸಕ್ಕೆ ಹೋದರು; ಬರೆಯಲು ಒಪ್ಪಲಿಲ್ಲ. ನಾನು ಒತ್ತಾಯ ಮಾಡಿದೆ. "ಇನ್ನೊಬ್ಬರು ಹೇಳ್ದಾಗ ಅಳಿಸೋ ಹಾಗಿದ್ರೆ ಅದು ನನ್ನ ಬರಹ ಅಲ್ಲ. ನೀನು ಬರಿ, ನಾನು ಕೇಳ್ತೀನಿ," ಎಂದರು. ಹಾಗೆ ನಾನು ಬರೆಯಲು ಶುರು ಮಾಡಿದೆ. ನನ್ನ ಮೊದಲ ಬರಹಗಳಿಗೆಲ್ಲ ಅವರೇ ಆಕಳಿಸಿದರು.

ನನಗೆ ಸಿಟಿಜನ್‌ಶಿಪ್ ಬರುವ ಹಿಂದಿನ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಮೊದಲ ಸಲ ಓಟು ಹಾಕಿ ಹೊರಬಂದಾಗ ಅವರಿಗೇ ಫೋನ್ ಮಾಡಬೇಕೆನಿಸಿತು. ಕೊನೆಗೆ ಧಾರವಾಡಕ್ಕೆ ಮಾಡಿದೆ. ಗೆಳತಿ ಹೊರಗೆ ಹೋಗಿದ್ದಳು, ಗಂಡ ಎತ್ತಿದ. "ಆಂಟಿ ಹೆಂಗದಾರ್ರಿ?" ಎಂದು ಕೇಳಿದ. ಆ ದಂಪತಿಗೆ ಯಾರೂ ತಿಳಿಸಿರಲಿಲ್ಲ, ನಾನೂ ಸಹ. ಹೇಳಿದೆ.

ಯಾವಾಗ, ಹೇಗಾಯಿತೆಂದು ಅವನು ಕೇಳಿದ. ಆಮೇಲೆ ಹೇಳಿದ: "ಆವತ್ತು ಅವರು ಫೋನ್ ಮಾಡಿದಾಗ ನನಗ ಭಾಳ ಸಿಟ್ಟು ಬಂದಿತ್ತರಿ. ಹಿರಿಯರು, ಹೆಂಗ ಅನ್ನೋದು ಅಂತ ಸುಮ್ಮನಾದೆ."